ಕ್ಯಾಪ್ಟನ್ನಿಗೆ ಎತ್ತಿದ ಬೆರಳು

ಸದ್ದು ಎರಡು, ಮೊದಲು ಟಿಕ್, ಹಿಂದೆಯೇ ಟಪ್, ಟಿಕ್ ಅಂದದ್ದು ಬ್ಯಾಟು, ಟಪ್ ಅಂದದ್ದು ಪ್ಯಾಡು, ಅನುಮಾನವೇ ಇಲ್ಲ, ಹೆಡ್ಲಿ ಕ್ರಾಬ್‌ಟ್ರೀಯ ಕಿವಿ ಅಂದರೆ ಮೂರು ಬೀದಿ ಆಚೆ ಯಾರಾದರೂ ಬಿಯರ್ ಬಾಟಲಿ ತೆರೆದರೆ ಯಾವ ಊರಿನ ಬಿಯರ್ ಎಂದು ಹೇಳುವ ಕಿವಿ, ಬ್ಯಾಟಿಗೆ ತಾಗಿ ಕಾಲಿಗೆ ಬಡಿದ ಚೆಂಡಿಗೆ ಔಟ್ ಇಲ್ಲ, ಒಮ್ಮೆ ತಲೆ ಅಲ್ಲಾಡಿಸಿದರೆ ಕೆಲಸ ಮುಗಿಯಿತು, ಆದರೆ ತಲೆ ಅಲ್ಲಾಡುತ್ತಿಲ್ಲ, ಬೌಲರ್ ತಾರಿಕ್ ಎರಡೂ ಕೈ ಚಾಚಿ ಹೌಝಾಟ್ ಎಂದು ಕೂಗುತ್ತಿದ್ದಾನೆ, ಕೂಗಲಿ ಪಾಪ, ಅವನು ಮೋಡಕ್ಕೂ ಕೂಗುತ್ತಾನೆ, ಆ ತುದಿಯಲ್ಲಿ ಬ್ಯಾಟು ಹಿಡಿದು ನಿಂತವನು ಜೂಲಿಯನ್ ಫೆನ್ವಿಕ್, ಸ್ಕೆಲ್ಬಿ ತಂಡದ ಕ್ಯಾಪ್ಟನ್, ಸ್ಕೆಲ್ಬಿ ಕೌನ್ಸಿಲಿನ ದೊಡ್ಡ ಗೌಡ, ಹಲ್ಲು ಕಿರಿಯುತ್ತಿದ್ದಾನೆ, ಔಟ್ ಕೊಡುವವರು ಯಾರು, ಅಂಪೈರ್ ಕೋಟು ತೊಟ್ಟವನು ನಮ್ಮ ಹೆಡ್ಲಿಯೇ ತಾನೆ ಎಂದು, ಈ ಲೀಗಿನಲ್ಲಿ ಬಾಡಿಗೆ ಅಂಪೈರ್ ಎಲ್ಲಿಂದ ಬರಬೇಕು, ಬ್ಯಾಟ್ ಮಾಡುವ ತಂಡದವರೇ ಸರದಿಯ ಮೇಲೆ ಬಿಳಿ ಕೋಟು ಹಾಕಿಕೊಂಡು ನಿಲ್ಲುವುದು, ತಮ್ಮ ಕ್ಯಾಪ್ಟನ್ನಿಗೆ ಕಾಲಿನ ಔಟ್ ಕೊಡುವವನು ಯಾರ್ಕ್‌ಷೈರಿನಲ್ಲಿ ಇನ್ನೂ ಹುಟ್ಟಿಲ್ಲ, ಒಬ್ಬ ಹುಟ್ಟಿದ್ದನಂತೆ, ಅವನಿಗೆ ಊರಿನ ಪಬ್ಬಿನಲ್ಲಿ ನೀರೂ ಕೊಡದೆ, ಅವನ ನಾಯಿಯೂ ಅವನನ್ನು ಕಂಡರೆ ಬಾಲ ಅಲ್ಲಾಡಿಸದೆ, ಕೊನೆಗೆ ಹಡಗು ಹತ್ತಿ ತಾಸ್ಮೇನಿಯಾಕ್ಕೆ ಹೋದನಂತೆ, ಅಲ್ಲಿಯೂ ಕುರಿಗಳು ಮುಖ ತಿರುಗಿಸಿದವಂತೆ — ನೋಡು, ಅಲ್ಲಿ ಮಡಚು ಕುರ್ಚಿಯಲ್ಲಿ ಕುಳಿತಿದ್ದಾಳೆ ಶ್ರೀಮತಿ ವಾರ್ಬಿ, ಮೊಣಕಾಲ ಮೇಲೆ ಕಂಬಳಿ, ಪಕ್ಷದ ಟಿಕೆಟ್ ಯಾರಿಗೆ ಎಂದು ಇದೇ ವಾರ ಹೇಳುವವಳು, ಪಾರ್ಲಿಮೆಂಟಿಗೆ ಹೋಗುವವನು ಮೈದಾನದಲ್ಲಿ ಹೇಗಿರುತ್ತಾನೆಂದು ನೋಡಬೇಕಂತೆ, ರಸ್ತೆಯ ಗುಂಡಿ ಪಕ್ಕ ಮುಖ ಗಂಟಿಕ್ಕಿ ನಿಂತು ಗುಂಡಿ ತೋರಿಸುವ ಫೋಟೋ ಅವಳಿಗೆ ಸಾಕಾಗಲಿಲ್ಲವೋ ಏನೋ, ಸ್ಕೆಲ್ಬಿಯ ಎಲ್ಲ ಗುಂಡಿಗಳ ಪಕ್ಕವೂ ಜೂಲಿಯನ್ ನಿಂತಾಗಿದೆ, ಒಂದನ್ನೂ ಮುಚ್ಚಿಸಿಲ್ಲ, ಕೆಲವು ಗುಂಡಿಗಳಲ್ಲಿ ಈಗ ಬಾತುಕೋಳಿಗಳು ಸಂಸಾರ ಮಾಡುತ್ತಿವೆ, ಬಡವರ ಹಾಗೆ ಬಿಯರ್ ಲೋಟ ಹಿಡಿದು ಫೋಟೋ, ಫೋಟೋ ಆದ ಮೇಲೆ ಲೋಟ ಹಾಗೇ ಮೇಜಿನ ಮೇಲೆ, ಆದರೆ ಸಿಟ್ಟು ಮಾತ್ರ ಅಸಲಿ, ಹೋದ ವರ್ಷ ರನ್‌ಔಟ್ ಆದಾಗ ಬ್ಯಾಟನ್ನು ಪೆವಿಲಿಯನ್ ಕಿಟಕಿಯಿಂದಾಚೆ ಎಸೆದ, ಇಗರ್ಜಿಯ ಪಾದ್ರಿಯ ಮುಂದೆಯೇ ಆಡಬಾರದ ಮಾತು ಆಡಿದ, ಆ ಸಿಟ್ಟನ್ನು ವಾರ್ಬಿ ಒಮ್ಮೆ ಕಣ್ಣಾರೆ ನೋಡಬೇಕು, ಒಂದೇ ಒಂದು ಸಲ, ಟಿಕೆಟ್ ಹೋಯಿತು, ಮುಂದೆ ಸಿಗಲಿದ್ದ ಸರ್ಕಾರಿ ಕಾರಿನ ಚಾಲಕ ಹೋದ, ಎಲ್ಲ ಹೋಯಿತು.

ಹೆಡ್ಲಿಯ ಹೆಂಡತಿ ಬ್ರೆಂಡಾಳೂ ಅಲ್ಲೇ ಬೆಂಚಿನ ಮೇಲೆ, ಕೈ ಮಡಿಲಲ್ಲಿಟ್ಟುಕೊಂಡು, ಮದುವೆಗೆ ಕರೆಯದೆ ಬಂದವಳ ಹಾಗೆ, ಇಡೀ ಬದುಕು ಈ ತಂಡಕ್ಕೆ ಟೀ ಮಾಡಿದ ಹೆಂಗಸು, ಅವಳ ಮೊಟ್ಟೆ ಸ್ಯಾಂಡ್‌ವಿಚ್ ತಿನ್ನಲೆಂದೇ ಎದುರು ತಂಡಗಳು ಬೇಗ ಬೇಗ ಔಟಾಗುತ್ತಿದ್ದವು, ಕ್ರಿಸ್ಮಸ್ ಊಟದ ದಿನ ಎಲ್ಲರ ತಲೆಯ ಮೇಲೂ ಕಾಗದದ ಕಿರೀಟ, ಜೂಲಿಯನ್ ಎದ್ದು ನಿಂತು ಭಾಷಣ, ಸ್ನೇಹಿತರೇ, ನಮ್ ಬ್ರೆಂಡಾ ಸ್ಯಾಂಡ್‌ವಿಚ್ ಎಷ್ಟು ಹಳೇದು ಅಂದ್ರೆ ಮೊನ್ನೆ ಒಂದರೊಳಗೆ ರೋಮನ್ನರ ಕಾಲದ ನಾಣ್ಯ ಸಿಕ್ತು, ಇನ್ಮೇಲಾದ್ರೂ ಅವಳಿಗೂ ನಮ್ ಹೊಟ್ಟೆಗೂ ರಜ ಕೊಡೋಣ, ಏನಂತೀರಾ, ಮೇಜು ಬಡಿದರು, ಎಲ್ಲರಿಗಿಂತ ಜೋರಾಗಿ ನಕ್ಕವಳು ಬ್ರೆಂಡಾ, ಕಿರೀಟ ಒಂದು ಕಣ್ಣಿನ ಮೇಲೆ ಜಾರಿತ್ತು, ಸರಿಮಾಡಿಕೊಳ್ಳಲಿಲ್ಲ, ಮಾರನೇ ಸೀಸನ್ನಿಗೆ ಲೀಡ್ಸಿನಿಂದ ತಿಂಡಿಯ ವ್ಯಾನು ಬಂತು, ಕಡಲೆ ಚಟ್ನಿ ಸವರಿದ ತೆಳು ರೊಟ್ಟಿ ಬಂತು, ಬ್ರೆಂಡಾ ಅಂದಿನಿಂದ ಮನೆಯಲ್ಲೂ ಬ್ರೆಡ್ಡಿಗೆ ಬೆಣ್ಣೆ ಸವರಿಲ್ಲ, ಕೇಳಿದರೆ, ಒಳ್ಳೇ ಮನುಷ್ಯ ಕಣ್ರೀ, ತಮಾಷೆಗೆ ಅಂದ್ರು, ನಿಮಗೆ ಎಲ್ಲಾ ಚುಚ್ಚುತ್ತೆ ಅಷ್ಟೆ, ನನ್ನ ಓಟು ಅವರಿಗೇ, ಅನ್ನುತ್ತಾಳೆ, ಅಂದು ಒಣ ಬಿಸ್ಕತ್ತು ಮುರಿಯುತ್ತಾಳೆ — ನೇರ ಹೆಡ್ಲಿ ಎಂದು ಊರು ಕರೆಯುವುದು ಅವನನ್ನು, ಬಸ್ಸು ಓಡಿಸುತ್ತಿದ್ದಾಗ ತಾನೇ ತನಗೆ ಟಿಕೆಟ್ ಹರಿದುಕೊಂಡವನು, ಸ್ವಂತ ತಮ್ಮನಿಗೆ ಔಟ್ ಕೊಟ್ಟು ಅವನ ಮಗಳ ಮದುವೆ ಊಟ ಕಳೆದುಕೊಂಡವನು, ಜೀವಮಾನವಿಡೀ ಕೂಡಿಟ್ಟ ಆ ಒಂದು ಹೆಸರು ಇವತ್ತು ಕೈಗೆ ಬಂದಿದೆ ಕಲ್ಲಿನ ಹಾಗೆ, ಎಸೆದರೆ ಒಮ್ಮೆ ಮಾತ್ರ ಎಸೆಯಬಹುದು, ಹೆಡ್ಲಿ ಹೇಳಿದ ಅಂದರೆ ಯಾರೂ ಇಲ್ಲ ಅನ್ನುವುದಿಲ್ಲ — ಬೆರಳು ಹೋಗಿದೆ, ಮೇಲೆ, ಯಾರದು, ಅವನದೇ, ತೋರುಬೆರಳು, ಉಗುರಿನಲ್ಲಿ ತೋಟದ ಮಣ್ಣು, ಆಕಾಶಕ್ಕೆ.

ಈಗ ಬಾ ಮಗನೇ, ಬೊಗಳು, ಬ್ಯಾಟು ಎಸೆ, ಜೂಲಿಯನ್ನನ ಕತ್ತು ಕೆಂಪಾಯಿತು, ಕಿವಿ ಕೆಂಪಾಯಿತು, ಬಾಯಿ ತೆರೆಯಿತು, ಕಣ್ಣು ಒಂದು ಸಲ ವಾರ್ಬಿಯ ಕಂಬಳಿಯ ಕಡೆ ಹೊರಳಿತು — ಬಾಯಿ ಮುಚ್ಚಿತು, ನಗು ಬಂತು, ಆ ನಗು, ಬ್ಯಾಟು ಕಂಕುಳಿಗೆ, ಗ್ಲೌಸು ಕಳಚುತ್ತಾ ನೆಟ್ಟಗೆ ಹೆಡ್ಲಿಯ ಕಡೆಗೇ ಬರುತ್ತಿದ್ದಾನೆ, ಕೈ ಚಾಚಿದ್ದಾನೆ, ಎಡಗೈಯನ್ನೇ ಹಿಡಿದು ಕುಲುಕುತ್ತಿದ್ದಾನೆ, ಬಲಗೈ ಮೇಲೇ ಇದೆಯಲ್ಲ, ದೊಡ್ಡ ದನಿಯಲ್ಲಿ, ಎಲ್ಲರಿಗೂ ಕೇಳುವ ಹಾಗೆ, ನಿನ್ ಕಣ್ಣಿಗೆ ಕಂಡದ್ದು ಕೊಟ್ಟೆ ಹೆಡ್ಲಿ, ಮನುಷ್ಯ ಅಂದ್ಮೇಲೆ ತಪ್ಪಾಗುತ್ತಪ್ಪ, ಬೇಜಾರು ಮಾಡ್ಕೋಬೇಡ, ಆಮೇಲೆ ಸಣ್ಣ ದನಿಯಲ್ಲಿ, ಥ್ಯಾಂಕ್ಸ್ ಮುದುಕಪ್ಪ, ಇದಕ್ಕಿಂತ ಒಳ್ಳೇ ಭಾಷಣ ನಾನೇ ಬರ್ಕೊಳ್ಳೋಕಾಗ್ತಿರಲಿಲ್ಲ, ಅಂದು ಹೊರಟ, ಚಪ್ಪಾಳೆ, ಮೊದಲು ಒಂದು, ಆಮೇಲೆ ಬೇಲಿಯುದ್ದಕ್ಕೂ, ಎದುರು ತಂಡವೂ ಹೊಡೆಯುತ್ತಿದೆ, ಅಯ್ಯೋ ಹೆಡ್ಲಿ, ಈ ದೇಶದಲ್ಲಿ ಹುಟ್ಟಿ ಬೆಳೆದು ಇಷ್ಟು ತಿಳಿಯಲಿಲ್ಲವೇ, ಗೆದ್ದವನನ್ನು ಇಲ್ಲಿ ಯಾರು ಸಹಿಸುತ್ತಾರೆ, ಅನ್ಯಾಯವಾಗಿ ಸೋತು, ನಕ್ಕು, ಕೈ ಕುಲುಕಿದವನಿಗೆ ಕುರ್ಚಿ ಕೊಟ್ಟು, ಬಿರುದು ಕೊಟ್ಟು, ಸತ್ತ ಮೇಲೆ ಕಲ್ಲಿನ ಪ್ರತಿಮೆ ನಿಲ್ಲಿಸಿ ಪಾರಿವಾಳಕ್ಕೆ ಒಪ್ಪಿಸುವ ಜನ, ಕಂಬಳಿ ಜಾರಿಸಿ ಎದ್ದು ನಿಂತಿದ್ದಾಳೆ ವಾರ್ಬಿ, ಅಬ್ಬಾ, ಇವನು ಕಣ್ರೀ ಗಂಡಸು, ಅನ್ನುವುದು ಇಲ್ಲಿಗೇ ಕೇಳುತ್ತಿದೆ, ಈ ಹಾಳು ಕಿವಿಗೆ ಎಲ್ಲ ಕೇಳುತ್ತದೆ, ತಾರಿಕ್ ಹತ್ತಿರ ಬಂದು ಪಿಸುಗುಡುತ್ತಾನೆ, ಅಂಕಲ್, ಬ್ಯಾಟಿಗೆ ತಾಗಿತ್ತಲ್ಲ, ನಾನು ಅಭ್ಯಾಸಬಲದಿಂದ ಕೂಗಿದ್ದು, ನೀವ್ಯಾಕೆ ಕೊಟ್ರಿ, ನೀವು ಸುಳ್ಳು ಔಟ್ ಕೊಡಲ್ಲ ಅಂತಾನೇ ನಾವೆಲ್ಲ ಇಲ್ಲಿಗೆ ಖುಷಿಯಾಗಿ ಬರೋದು, ಹೆಡ್ಲಿ ಜೂಲಿಯನ್ನನ ಬೆನ್ನನ್ನೇ ನೋಡುತ್ತಿದ್ದಾನೆ, ವಾಪಸ್ ಕರೆಯಬಹುದು, ಅವನು ಗೆರೆ ದಾಟುವ ಮೊದಲು ಕರೆದರೆ ಕಾನೂನಿದೆ, ಕರೆದರೆ ಮತ್ತೆ ಚಪ್ಪಾಳೆ, ಅದೂ ಅವನಿಗೇ, ದಾಟಿದ, ಬೆಂಚಿನ ಮುಂದೆ ನಿಂತ, ಬ್ರೆಂಡಾ ಎದ್ದಿದ್ದಾಳೆ, ಗಂಡನಿಗೆಂದು ತಂದ ಫ್ಲಾಸ್ಕಿನ ಮುಚ್ಚಳ ಬಿಚ್ಚಿ ಮೊದಲ ಟೀ ಅವನಿಗೆ ಬಗ್ಗಿಸುತ್ತಿದ್ದಾಳೆ, ಕ್ಷಮಿಸಿ ಸಾರ್, ಅವರಿಗೆ ವಯಸ್ಸಾಯ್ತು, ಕಣ್ಣು ಕಾಣಲ್ಲ, ಅನ್ನುತ್ತಾ, ಒಮ್ಮೆ ಇತ್ತ ನೋಡಿದಳು, ಜಮಖಾನೆಯ ಮೇಲಿನ ಕೆಸರು ಬೂಟನ್ನು ನೋಡುವ ಹಾಗೆ, ಹೊಸ ಬ್ಯಾಟುಗಾರ ಬಂದು ನಿಂತು ಕಾಯುತ್ತಿದ್ದಾನೆ, ಅಂಕಲ್, ಕೈ ಇಳಿಸಿ, ಆಟ ಶುರು ಮಾಡೋಣ, ಅನ್ನುತ್ತಾನೆ ತಾರಿಕ್, ಇಳಿಸಬೇಕು, ಹೌದು, ಇಳಿಸುತ್ತೇನೆ, ಭುಜ ಕೇಳುತ್ತಿಲ್ಲ, ಬೆರಳು, ಮೇಲೆ, ಉಗುರಿನ ಮಣ್ಣು, ಬೆರಳು —