ಮೇಲಿನ ಮಹಡಿಯವರ ಸರದಿ

ಭಾನುವಾರ ಮಧ್ಯಾಹ್ನದ ಊಟ ಮುಗಿದಿತ್ತು. ಅಪ್ಪ ಲಿಫ್ಟ್ ರಿಪೇರಿ ಮಾಡುವವರು. ಎಷ್ಟು ಉಜ್ಜಿದರೂ ಉಗುರಿನ ಸಂದಿಯ ಗ್ರೀಸ್ ಬಿಡದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕುರ್ಚಿಯಲ್ಲಿ ತೂಕಡಿಸುತ್ತಿದ್ದರು. ಅವರ ಅಕ್ಕ, ನಮ್ಮ ಸೋದರತ್ತೆ, ತೂಕಡಿಸಲು ಬಿಡುವವರಲ್ಲ.

"ಆ ಹುಡುಗನ ಮನೆಯವರು ಸಂಜೆಯೊಳಗೆ ಉತ್ತರ ಕೇಳಿದ್ದಾರೆ ಕಣೋ. ನಮ್ಮ ಪುಟ್ಟಿ ಎರಡು ವರ್ಷದ ಪ್ರೋಗ್ರಾಮಿಂಗ್ ಕೋರ್ಸ್ ಮಾಡಿಕೊಂಡ್ರೆ ಸಾಕಂತೆ. ಕೆಲಸಕ್ಕೆ ಮಾತ್ರ ಕಳಿಸಲ್ಲ ಅಂತ ಮೊದಲೇ ಹೇಳಿಬಿಟ್ಟಿದ್ದಾರೆ. ಒಳ್ಳೇ ಜನ."

ಮೂಲೆಯಲ್ಲಿ ಹಳೇ ಕಂಪ್ಯೂಟರಿನ ಮುಂದೆ ಕೂತಿದ್ದ ನನ್ನ ತಂಗಿ ಪುಟ್ಟಿ ತಿರುಗಿದಳು. "ಮನೇಲಿ ಕೂರೋಕೆ ಅಷ್ಟೊಂದು ಫೀಸ್ ಯಾಕತ್ತೆ? ನಂಗೆ ಕೂರೋಕೆ ಈಗ್ಲೇ ಬರುತ್ತಲ್ಲ."

"ಬಾಯಿ ನೋಡು ಇವಳದ್ದು! ಈಗ ಫೀಸ್ ಕಟ್ಟಿದ್ರೆ ಮದುವೇಲಿ ಕೊಡೋದು ಕಡಿಮೆಯಾಗುತ್ತೆ. ದೊಡ್ಡವಳದ್ದೂ ಹಾಗೇ ಆಗ್ಲಿಲ್ವಾ?"

ದೊಡ್ಡವಳು ಎಂದರೆ ನಮ್ಮ ಅಕ್ಕ. ಆ ದಿನ ತವರಿಗೆ ಬಂದಿದ್ದಳು. ಒಳಗೆ ತಟ್ಟೆ ತೊಳೆಯುತ್ತಿದ್ದವಳಿಗೆ ಮಾತು ಕೇಳಿಸಿರಬೇಕು. ನೀರಿನ ಸದ್ದು ಒಮ್ಮೆ ನಿಂತು ಮತ್ತೆ ಶುರುವಾಯಿತು.

ಓದುಗರೇ, ನಮ್ಮಂಥ ಮನೆಗಳಲ್ಲಿ ಹೊಸದೊಂದು ಪದ್ಧತಿ ಬೇರುಬಿಟ್ಟಿದೆ. ಮಗಳನ್ನು ಓದಿಸಿದೆವೆಂದು ಎದೆಯುಬ್ಬಿಸುತ್ತೇವೆ. ಆ ಓದನ್ನು ಒಡವೆಯಂತೆ ಅವಳ ಕೊರಳಿಗೆ ಹಾಕಿ ಕಳಿಸುತ್ತೇವೆ. ಅಕ್ಕನ ಸರ್ಟಿಫಿಕೇಟು ಅವಳ ಗಂಡನ ಮನೆಯ ಗಾಜಿನ ಕಪಾಟಿನಲ್ಲಿ, ಯಾರೂ ಚಹಾ ಕುಡಿಯದ ಪಿಂಗಾಣಿ ಕಪ್ಪುಗಳ ಪಕ್ಕ ಇದೆ. ಮದುವೆಯಾಗಿ ಎಂಟು ವರ್ಷ. ಅವಳು ಒಂದು ಸಾಲೂ ಪ್ರೋಗ್ರಾಮ್ ಬರೆದಿಲ್ಲ. ಒಮ್ಮೆ ಕೆಲಸದ ಮಾತೆತ್ತಿದಾಗ ಭಾವ, "ನಿನಗೇನು ಕಡಿಮೆಯಾಗಿದೆ?" ಎಂದರಂತೆ. ಅಂದಿನಿಂದ ಕಡಿಮೆಯಾಗುತ್ತ ಬಂದದ್ದು ಅವಳ ಮಾತು. ಅವಳು ಬಂದ ದಿನಗಳಲ್ಲಿ ನಾನು ಆ ಮೌನವನ್ನೇ ಕೇಳುತ್ತ ಕೂರುತ್ತಿದ್ದೆ. ಅದು ಖಾಲಿ ಮೌನ ಎಂದುಕೊಂಡಿದ್ದೆ.

"ಅಪ್ಪ, ಇಲ್ಲಿ ಬನ್ನಿ. ನಿಮ್ಮ ಲಿಫ್ಟ್ ನೋಡಿ," ಎಂದಳು ಪುಟ್ಟಿ.

ಅಕ್ಕನ ಹಳೇ ಪುಸ್ತಕಗಳನ್ನು ಓದಿ ಅವಳು ಪರದೆಯ ಮೇಲೊಂದು ಕಟ್ಟಡ ಕಟ್ಟಿದ್ದಳು. ಪ್ರತಿ ಮಹಡಿಯಲ್ಲೂ ಕಡಲೆಕಾಳಿನಷ್ಟು ಮನುಷ್ಯರು. ಅವರು ಕರೆದಲ್ಲಿಗೆ ಲಿಫ್ಟ್ ತಾನಾಗಿ ಹೋಗುತ್ತಿತ್ತು. ಅಪ್ಪ ಕನ್ನಡಕ ಏರಿಸಿ ಬಗ್ಗಿದರು. ಜೀವಮಾನವೆಲ್ಲ ಹಗ್ಗ, ಗಾಲಿ, ಮೋಟಾರುಗಳ ನಡುವೆ ಬೆವರಿದವರು, ಬರೀ ಅಕ್ಷರಗಳಿಂದ ಲಿಫ್ಟ್ ಚಲಿಸುವುದನ್ನು ಬಾಯಿ ತೆರೆದು ನೋಡಿದರು.

"ಆದ್ರೆ ತುತ್ತತುದಿಯವನು ನಿಂತೇ ಇದ್ದಾನಲ್ಲೇ?"

"ಅದೇ ಗೊತ್ತಾಗ್ತಿಲ್ಲಪ್ಪ. ವಾರದಿಂದ ತಲೆ ಕೆಡಿಸ್ಕೊಂಡಿದ್ದೀನಿ."

ಅಕ್ಕ ಯಾವಾಗ ಬಂದಳೋ ತಿಳಿಯಲಿಲ್ಲ. ಒದ್ದೆ ಕೈಗಳನ್ನು ಬಟ್ಟೆಗೆ ಒರೆಸಿಕೊಳ್ಳುತ್ತ ಪುಟ್ಟಿಯ ಹಿಂದೆ ನಿಂತು ಪರದೆಯ ಸಾಲುಗಳನ್ನು ಓದುತ್ತಿದ್ದಳು. ತುಟಿ ಮಾತ್ರ ಸಣ್ಣಗೆ ಅಲುಗುತ್ತಿತ್ತು.

"ಸರಿ, ಏಳು," ಎಂದಳು.

ಪುಟ್ಟಿ ಎದ್ದಳು. ಅಕ್ಕ ಕೂತಳು. ಮೊದಲು ಬೆರಳುಗಳು ಕೀಲಿಗಳ ಮೇಲೆ ಸುಮ್ಮನೆ ನಿಂತವು, ಆಮೇಲೆ ಓಡತೊಡಗಿದವು. ಎಂಟು ವರ್ಷ ಮುಚ್ಚಿದ ಬಾವಿಯ ಚಪ್ಪಡಿ ಸರಿಸಿದರೆ ಒಳಗೆ ನೀರು ಹಾಗೇ ತಣ್ಣಗೆ, ತಿಳಿಯಾಗಿ ನಿಂತಿದ್ದಂತೆ.

"ಯಾರು ಹತ್ತಿರ ಇದ್ದಾರೋ ಅವರ ಕಡೆಗೇ ಹೋಗು ಅಂತ ಬರೆದಿದ್ದೀಯ," ಎಂದಳು ಅಕ್ಕ. "ಕೆಳಗಿನವರು ಕರೀತಾನೇ ಇರ್ತಾರೆ. ಮೇಲಿನವರ ಸರದಿ ಬರೋದೇ ಇಲ್ಲ. ಎಷ್ಟು ಹೊತ್ತಿಂದ ಕಾಯ್ತಿದ್ದಾರೆ ಅನ್ನೋದನ್ನೂ ಲೆಕ್ಕಕ್ಕೆ ತಗೋಬೇಕು."

ಲಿಫ್ಟ್ ಹೊರಟಿತು. ಕೆಳಗಿನವರು ಕರೆಯುತ್ತಿದ್ದರೂ ನಿಲ್ಲದೆ ಏರಿ, ತುತ್ತತುದಿಯಲ್ಲಿ ಬಾಗಿಲು ತೆರೆಯಿತು. ಆ ಪುಟ್ಟ ಮನುಷ್ಯ ಒಳಗೆ ಹೋದ.

ಹೊರಗೆ ಭಾವನ ಕಾರಿನ ಹಾರ್ನ್ ಕೇಳಿಸಿತು.

"ಹೊರಡೇ ತಾಯಿ, ಅವರು ಕಾಯ್ತಿದ್ದಾರೆ," ಅತ್ತೆ ಗಡಬಡಿಸಿದರು.

ಅಕ್ಕ ಏಳಲಿಲ್ಲ. "ಅಪ್ಪ, ಪುಟ್ಟಿ ಕೆಲಸ ಮಾಡ್ತಾಳೆ ಅನ್ನೋದಾದ್ರೆ ಸಾಲ ಮಾಡಿಯಾದ್ರೂ ಓದಿಸಿ, ಒಂದು ಪೈಸೆನೂ ದಂಡ ಅಲ್ಲ. ಬರೀ ತೋರಿಸೋಕಾದ್ರೆ ಖರ್ಚು ಯಾಕೆ? ನಂದೇ ಒಂದು ಕಪಾಟಲ್ಲಿದೆ, ತಂದುಕೊಡ್ತೀನಿ. ಅದನ್ನೇ ತೋರಿಸಿ."

ಅಪ್ಪ ಬಹಳ ಹೊತ್ತು ಅವಳ ಕೈಗಳನ್ನು ನೋಡಿದರು. ಆಮೇಲೆ ತಮ್ಮ ಕೈಗಳನ್ನು ನೋಡಿಕೊಂಡರು.

"ಅಕ್ಕ," ಎಂದರು ಅತ್ತೆಗೆ, "ಆ ಮನೆಯವರಿಗೆ ಆಗಲ್ಲ ಅಂತ ಹೇಳಿಬಿಡು. ಪುಟ್ಟಿ ಓದ್ತಾಳೆ. ಓದಿ ಕೆಲಸಕ್ಕೆ ಹೋಗ್ತಾಳೆ."

"ಜನ ಏನಂತಾರೋ?"

"ಜನ ಲಿಫ್ಟ್ ಕೆಟ್ಟಾಗ ನನ್ನನ್ನೂ ಬೈತಾರೆ. ಅದಕ್ಕೆ ಕೆಲಸ ಬಿಟ್ನಾ?"

ಹಾರ್ನ್ ಮತ್ತೆ ಕೇಳಿಸಿತು, ಈ ಸಲ ಉದ್ದಕ್ಕೆ. ಅಕ್ಕ ಪರದೆಯಿಂದ ಕಣ್ಣು ತೆಗೆಯದೆ ನನಗೆ ಹೇಳಿದಳು: "ನಾನು ಆಮೇಲೆ ಬಸ್ಸಲ್ಲಿ ಬರ್ತೀನಿ ಅಂತ ಹೇಳು. ಇನ್ಮೇಲೆ ಕೆಲಸ ಹುಡುಕ್ತೀನಿ ಅಂತ... ಬೇಡ, ಅದನ್ನ ನಾನೇ ಹೇಳ್ತೀನಿ."

ನಾನು ಹೊರಗೆ ಹೋದೆ. ಭಾವ ಕಿಟಕಿಯ ಗಾಜು ಇಳಿಸಿ, "ಎಲ್ಲಿ ಇವಳು? ಏನು ಮಾಡ್ತಿದ್ದಾಳೆ ಇಷ್ಟು ಹೊತ್ತು?" ಎಂದರು.

ಒಳಗಿನಿಂದ ಕೀಲಿಗಳ ಸದ್ದು ಬೀದಿಯವರೆಗೂ ಕೇಳುತ್ತಿತ್ತು. ಎಂಟು ವರ್ಷದಲ್ಲಿ ಯಾರೂ ಅವಳ ಬಗ್ಗೆ ಆಡದಿದ್ದ ಮಾತೊಂದು ತಾನಾಗಿ ನನ್ನ ಬಾಯಿಗೆ ಬಂತು.

"ಅಕ್ಕ ಕೆಲಸದಲ್ಲಿದ್ದಾಳೆ, ಭಾವ."