ಕೇಳಿದ್ದನ್ನು ಕೇಳಿದಂತೆ

ವಿಮಾ ಕಚೇರಿಯ ಟೈಪಿಂಗ್ ವಿಭಾಗದಲ್ಲಿ ಬೆರಳಿನ ವೇಗ ನೋಡಿ ಅವಳನ್ನು ಎಲ್ಲರೂ ಮಿಂಚಕ್ಕ ಎನ್ನುತ್ತಿದ್ದರು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಸಭೆಗಳ ಧ್ವನಿಮುದ್ರಣ ಕೇಳುತ್ತ ಅದನ್ನು ಅಕ್ಷರಕ್ಕಿಳಿಸುವುದು ಅವಳ ಹದಿನಾಲ್ಕು ವರ್ಷದ ಕೆಲಸ. ಕಿಟಕಿಯಿಲ್ಲದ ನೆಲಮಾಳಿಗೆ, ಎಂಟು ಮೇಜು. ಬಚ್ಚಲಿಗೆ ಹೋದರೂ ಹೋದ ಹೊತ್ತು, ಬಂದ ಹೊತ್ತು ಬರೆಯಬೇಕು. ಅದಕ್ಕೊಂದು ಪುಸ್ತಕ ಬಾಗಿಲ ಬಳಿ ತೂಗುತ್ತಿತ್ತು. ಮಣಿಕಟ್ಟು ಊದಿಕೊಂಡಾಗ ಒಂದು ವಾರ ರಜೆ ಕೇಳಿದಳು. ಮ್ಯಾನೇಜರ್ ತಲೆಯೆತ್ತದೆ, "ಕೈ ನೋವು ಯಾರಿಗಿರಲ್ಲ?" ಎಂದ. ಮರುದಿನವೇ ರಾಜೀನಾಮೆ ಕೊಟ್ಟಳು.

"ಅಕ್ಕಾ, ನೀನು ಹೋದ್ರೆ ನಾನೇನ್ ಮಾಡ್ಲಿ?" ಪಕ್ಕದ ಮೇಜಿನ ಗುಬ್ಬಿ ಕೇಳಿದಳು. ಆಳು ಗಿಡ್ಡ, ಬಾಯಿ ಮಾತ್ರ ಸುಮ್ಮನಿರದು. ಅದಕ್ಕೇ ಆ ಹೆಸರು.

"ನೀನೂ ಬಾರೇ. ಮನೇಲೇ ಕೂತು ಮಾಡೋಣ. ಬೇಕಾದಾಗ ಕೆಲಸ, ಬೇಡವಾದಾಗ ನಿದ್ದೆ."

"ನಿನಗೆ ಭಾವ ಇದ್ದಾರೆ. ನಾನು ಅಣ್ಣನ ಮನೇಲಿರೋಳು. ಒಂದು ತಿಂಗಳು ಸುಮ್ನೆ ಕೂತ್ರೆ ಅತ್ತಿಗೆ ಮುಖ ನೋಡೋಕಾಗುತ್ತಾ?"

ಮಿಂಚಕ್ಕ ಅಡುಗೆಮನೆಯ ಪಕ್ಕದ ಮೂಲೆಗೆ ಮೇಜು ಹಾಕಿಸಿಕೊಂಡಳು. ಅಲ್ಲಿ ಇಲ್ಲಿ ಕೇಳಿ ಕೆಲಸ ಹಿಡಿದಳು. ಮಣಿಕಟ್ಟಿನ ಊತ ಇಳಿಯಿತು. ತಮಾಷೆಯೆಂದರೆ ಹಳೆಯ ಕಚೇರಿಯೇ ಅವಳಿಗೆ ಎಲ್ಲರಿಗಿಂತ ಹೆಚ್ಚು ಕೆಲಸ ಕಳಿಸತೊಡಗಿತು. ಅವಳ ಕುರ್ಚಿಗೆ ಬೇರೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ದೊಡ್ಡ ಸಭೆಗಳನ್ನು ಅವಳಿಗೆ ಕಳಿಸಿ, ಉಳಿದದ್ದನ್ನೆಲ್ಲ ಗುಬ್ಬಿಯ ತಲೆಗೆ ಕಟ್ಟಿದರು.

ಒಂದು ಮಧ್ಯಾಹ್ನ ಗುಬ್ಬಿ ಫೋನ್ ಮಾಡಿದಳು. "ಎದೆ ಹಿಡ್ಕೊಂಡ ಹಾಗಾಗುತ್ತೆ ಅಕ್ಕಾ. ಮೂರು ಸಲ ರಜೆ ಕೇಳ್ದೆ, ಕೊಡ್ಲಿಲ್ಲ."

ಮಿಂಚಕ್ಕನ ಒಂದು ಕಿವಿಯಲ್ಲಿ ಆಗಲೂ ಹೆಡ್‌ಫೋನ್ ಇತ್ತು. "ಬಿಟ್ಟು ಬಾ ಅಂದ್ರೆ ಕೇಳಲ್ಲ ನೀನು. ಸಂಜೆ ಮಾತಾಡೋಣ, ಇರು" ಎಂದಳು. ಸಂಜೆ ಮರೆತಳು.

ಹತ್ತು ದಿನದ ಮೇಲೆ ಗುಬ್ಬಿ ಊಟದ ಬಿಡುವು ಮುಗಿಸಿ ಬಂದು, ಮೇಜಿನ ಮೇಲೆ ತಲೆಯಿಟ್ಟವಳು ಮತ್ತೆ ಏಳಲಿಲ್ಲ.

ಕಚೇರಿ ಒಳಗೊಳಗೇ ವಿಚಾರಣೆ ನಡೆಸಿತು. ಅದರ ಧ್ವನಿಮುದ್ರಣ ಎಂದಿನಂತೆ ಮಿಂಚಕ್ಕನ ಮನೆಗೆ ಬಂತು. ಗುಬ್ಬಿ ರಜೆ ಕೇಳಿಯೇ ಇರಲಿಲ್ಲ ಎಂದು ಮ್ಯಾನೇಜರ್ ಅದರಲ್ಲಿ ಹೇಳುತ್ತಿದ್ದ. ಅಷ್ಟರಲ್ಲಿ ಕಸ ಗುಡಿಸುವ ಹೆಂಗಸಿನ ದನಿ ನಡುವೆ ನುಗ್ಗಿತು:

"ಕೇಳಿದ್ಲು ಸಾರ್, ಮೂರು ಸಲ. ಅವತ್ತು ಅವಳು ಮಲಗಿದಾಗ, ಪಾಪ ಎರಡು ನಿಮಿಷ ಮಲಗ್ಲಿ ಅಂತ ಯಾರೂ ಎಬ್ಬಿಸ್ಲಿಲ್ಲ. ನಿಮಗೆ ಗೊತ್ತಾಗಬಾರದು ಅಂತ ಪಕ್ಕದ ಹುಡುಗಿ ತನ್ನ ಕೆಲಸದ ಜೊತೆ ಇವಳ ಕೀಬೋರ್ಡನ್ನೂ ಕುಟ್ತಾ ಇದ್ಲು. ಒಂದು ಗಂಟೆ ಕುಟ್ಟಿದ್ಲು ಸಾರ್, ಸತ್ತೋಳ ಕೀಬೋರ್ಡು."

ಮಿಂಚಕ್ಕ ಹಿಂದಕ್ಕೆ ತಿರುಗಿಸಿ ಆ ಮಾತನ್ನು ಇನ್ನೊಮ್ಮೆ ಕೇಳಿದಳು. ಹೆಡ್‌ಫೋನ್ ತೆಗೆದಿಡುವಷ್ಟರಲ್ಲಿ ಮ್ಯಾನೇಜರ್‌ನ ಫೋನ್.

"ಕಸ ಗುಡಿಸೋಳು ಮಾತಾಡಿದ್ದು ಸರಿಯಾಗಿ ಕೇಳ್ಸಲ್ಲ. 'ಅಸ್ಪಷ್ಟ' ಅಂತ ಹಾಕಿಬಿಡಿ."

"ಚೆನ್ನಾಗೇ ಕೇಳ್ಸುತ್ತಲ್ಲ ಸಾರ್."

"ಹಾಗಾದ್ರೆ ಬಿಡಿ. ಕೇಳ್ಸದೇ ಇರೋರು ಬೇಕಾದಷ್ಟು ಜನ ಇದ್ದಾರೆ."

ಗಂಡ ಬಸ್ ಚಾಲಕ. ಪಾಳಿ ಮುಗಿಸಿ ಬಂದವನು ಎಲ್ಲ ಕೇಳಿಸಿಕೊಂಡ. "ಹೊಳೇಲಿದ್ದು ಮೊಸಳೆ ಹಗೆ ಕಟ್ಕೋತೀಯಾ?"

"ನಾನು ಹೊಳೆಯಿಂದ ಎದ್ದು ಬಂದಿಲ್ವಾ?"

"ದಡದಲ್ಲಿ ಕೂತಿದ್ದೀಯ, ಅಷ್ಟೇ. ಕುಡಿಯೋ ನೀರು ಅಲ್ಲಿಂದಲೇ ಬರ್ಬೇಕು."

ಅವಳು 'ಅಸ್ಪಷ್ಟ' ಎಂದು ಹಾಕಿದಳು. ಕೊನೆಯ ಪುಟದಲ್ಲಿ 'ಕೇಳಿದ್ದನ್ನು ಕೇಳಿದಂತೆಯೇ ಬರೆದಿದ್ದೇನೆ' ಎಂಬ ಸಾಲಿನ ಕೆಳಗೆ ಸಹಿ ಮಾಡಿದಳು. ನಿಯಮದಂತೆ ತನ್ನ ಬಳಿಯಿದ್ದ ಧ್ವನಿಯನ್ನು ಅಳಿಸಿದಳು.

ತಿಂಗಳೊಪ್ಪತ್ತಿನಲ್ಲಿ ಗುಬ್ಬಿಯ ಅಣ್ಣ ಮನೆ ಹುಡುಕಿಕೊಂಡು ಬಂದ. ಕೈಯಲ್ಲಿ ಕಚೇರಿಯಿಂದ ಪಡೆದ ವಿಚಾರಣೆಯ ವರದಿ. "ಅಕ್ಕಾ, ಎಲ್ಲ ಓದಿದೆ. ಇದೊಂದು ಪದದ ಕೆಳಗೆ ಏನಿದೆ ಅಂತ ನಿಮಗೆ ಮಾತ್ರ ಗೊತ್ತಿರ್ಬೇಕು" ಎಂದು ಬೆರಳಿಟ್ಟು ತೋರಿಸಿದ. ಮಿಂಚಕ್ಕ ನಿಂತಲ್ಲೇ ಎಲ್ಲ ಹೇಳಿದಳು, ಫೋನಿನಲ್ಲಿ ಗುಬ್ಬಿ ಆಡಿದ ಮಾತನ್ನೂ ಬಿಡದೆ. ಅವನು ಬೈಯಲಿಲ್ಲ. "ಲೇಬರ್ ಆಫೀಸಿಗೆ ಬಂದು ಹೇಳ್ತೀರಾ?" ಎಂದಷ್ಟೇ ಕೇಳಿದ.

ಹೋದಳು. ಕಸ ಗುಡಿಸುವ ಹೆಂಗಸನ್ನು ಆಗಲೇ ಕೆಲಸದಿಂದ ತೆಗೆದಿದ್ದರು. "ಹೇಳೋ ಹೊತ್ನಲ್ಲಿ ಹೇಳಿದ್ದೀನಿ. ಇನ್ನೊಂದು ಕೆಲಸ ಕಳ್ಕೊಳ್ಳೋ ಶಕ್ತಿ ಇಲ್ಲ" ಎಂದು ಆಕೆ ಬರಲಿಲ್ಲ. ಮೂಲ ಧ್ವನಿಮುದ್ರಣ ಹಾಳಾಗಿದೆಯೆಂದು ಕಚೇರಿ ಬರೆದುಕೊಟ್ಟಿತ್ತು.

ಕಾರ್ಮಿಕ ಅಧಿಕಾರಿ ಕೊನೆಯ ಪುಟ ತಿರುವಿದರು. "ಈ ಸಹಿ ನಿಮ್ಮದೇನಾ?"

"ಹೌದು."

"ಸುಳ್ಳು ಆಗ ಬರೆದ್ರಾ, ಈಗ ಹೇಳ್ತಿದ್ದೀರಾ?"

"ಆಗ ಬರೆದೆ ಸಾರ್. ಕೆಲಸ ಹೋಗುತ್ತೆ ಅಂತ."

"ನೀವು ಅವರ ನೌಕರರೇ ಅಲ್ವಲ್ಲಮ್ಮ. ಸ್ವತಂತ್ರವಾಗಿ ಕೆಲಸ ಮಾಡೋರು. ನಿಮ್ಮನ್ನ ಹೆದರಿಸೋಕೆ ಅವರ್ಯಾರು?"

ಅಧಿಕಾರಿ ಅವಳ ಹೇಳಿಕೆಯನ್ನು ಮೂರು ಸಾಲಿನಲ್ಲಿ ಬರೆದುಕೊಂಡು ಕಡತ ಕಟ್ಟಿದರು. ಗುಬ್ಬಿ ಸಹಜವಾಗಿ ಸತ್ತಳೆಂಬ ಕಚೇರಿಯ ತೀರ್ಮಾನ ಬದಲಾಗಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ ಅಣ್ಣ ಹೇಳಿದ: "ನೀವು ಹೇಳಿದ್ದು ನಿಜ ಅಂತ ನನಗೆ ಗೊತ್ತು ಅಕ್ಕಾ. ಆದ್ರೆ ಅವತ್ತೇ ಬರೆದಿದ್ರೆ ಇನ್ನೂ ಚೆನ್ನಾಗಿತ್ತು."

ಅವನು ಬಸ್ಸಿನ ಕಡೆ ನಡೆದ. ಅವಳಿಗೂ ಅದೇ ಬಸ್ಸು. ಅವನ ಜೊತೆ ಹತ್ತುವ ಮುಖವಿಲ್ಲದೆ, ಅದು ಹೊರಡುವವರೆಗೂ ಕಂಬದ ಮರೆಯಲ್ಲಿ ನಿಂತಳು.