ದೊಡ್ಡ ಧಣಿಯ ಎಕ್ಸ್‌ಟೆನ್ಶನ್

ಪೈಪು ಮಾರುವ ಆ ಕಂಪನಿಯಲ್ಲಿ ಹತ್ತೊಂಬತ್ತು ವರ್ಷದಿಂದ ಫೋನಿನ ಬೋರ್ಡಿನ ಮುಂದೆ ಕೂತಿದ್ದ ಆಪರೇಟರಮ್ಮನ ಕೈಚೀಲವನ್ನು ಧಣಿ ಎಲ್ಲರೆದುರೇ ಮೇಜಿನ ಮೇಲೆ ಸುರಿದ. ಬಾಚಣಿಗೆ, ಮಾತ್ರೆ, ತಮ್ಮನ ಫೋಟೊ.

"ಈ ತಮ್ಮ ಹೊರದೇಶದಲ್ಲಿದಾನಲ್ಲ? ಎರಡು ದಿನದ ರಜೆಯಲ್ಲಿ ಇಲ್ಲಿಂದ ಹೊರದೇಶಕ್ಕೆ ನಾನೂರು ಕರೆ ಹೋಗಿವೆ. ಸಂಜೆಯೊಳಗೆ ತಪ್ಪೊಪ್ಪಿಗೆ ಬರ್ಕೊಡು. ಇಲ್ಲಾಂದ್ರೆ ಪೊಲೀಸರನ್ನ ಕರೀತೀನಿ."

"ರಜೇಲಿ ಆಫೀಸಿನ ಬೀಗದ ಕೈ ನಿಮ್ಮ ಹತ್ರಾನೇ ಇತ್ತಲ್ಲ ಸಾರ್?"

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಕೋತಾಳೆ ನೋಡಿ!" ಎಂದು ಖಾಲಿ ಹಾಳೆಯೊಂದನ್ನು ಅವಳ ಮುಂದೆ ಎಸೆದ.

ಅವನ ಬೆವರುಗೈ ಮುಟ್ಟಿದ ಬಾಚಣಿಗೆಯನ್ನು ಅವಳು ಕಸದ ಬುಟ್ಟಿಗೆ ಹಾಕಿದಳು. ಹೇಸಿಗೆಯಾಯಿತು. ನಿನ್ನೆಮೊನ್ನೆಯವರೆಗೂ ಅಕ್ಕಾ ಅಕ್ಕಾ ಎನ್ನುತ್ತಿದ್ದ ಗುಮಾಸ್ತರೆಲ್ಲ ಬಾಯಿಗೆ ಬೀಗ ಹಾಕಿಕೊಂಡಿದ್ದರಲ್ಲ, ಅವರ ಮೇಲೂ.

ಮಧ್ಯಾಹ್ನ ಫೋನ್ ರಿಪೇರಿಯವನು ಬಂದು ಕರೆಗಳ ಪಟ್ಟಿ ತೆಗೆದ. "ಎಲ್ಲಾ ಹನ್ನೊಂದನೇ ಎಕ್ಸ್‌ಟೆನ್ಶನ್ನಿಂದ ಹೋಗಿವೆ. ಯಾರದಿದು?"

ಅದು, ತೀರಿಕೊಂಡು ಆರು ವರ್ಷವಾದ ದೊಡ್ಡ ಧಣಿಯದು, ಈಗಿನ ಧಣಿಯ ಅಪ್ಪನದು. ಕರೆ ಮಾಡಿದರೆ ಈಗಲೂ ಅವರು ರೆಕಾರ್ಡ್ ಮಾಡಿಟ್ಟಿದ್ದ ಧ್ವನಿಯೇ ಕೇಳುತ್ತಿತ್ತು. ಅದನ್ನು ತೆಗೆಸಿ, ಕೊನೇಪಕ್ಷ ನಾಲ್ಕು ಸೊನ್ನೆಯ ಪಾಸ್‌ವರ್ಡನ್ನಾದರೂ ಬದಲಿಸಿ ಎಂದು ಅವಳು ಮೂರು ಸಲ ಕೇಳಿದ್ದಳು. "ನಮ್ಮಪ್ಪನ ಫೋನನ್ನ ಯಾರೂ ಮುಟ್ಟಬಾರದು" ಎಂದು ಮಗ ಹಾರಾಡಿದ್ದ. ಬದುಕಿದ್ದಾಗ ಅಪ್ಪನಿಗೆ ಒಂದು ಲೋಟ ನೀರು ಕೊಡದವನಿಗೆ, ಬಂದವರೆದುರು ಪಿತೃಭಕ್ತಿ ತೋರಿಸಲು ಅದು ಒಳ್ಳೆಯ ಸರಕಾಗಿತ್ತು.

"ಯಾವನೋ ಕಳ್ಳ ಹೊರಗಿಂದ ಕರೆ ಮಾಡಿ, ನಾಲ್ಕು ಸೊನ್ನೆ ಒತ್ತಿ ಒಳಗೆ ನುಗ್ಗಿದಾನೆ. ನಿಮ್ಮ ಲೈನಿಂದಾನೇ ಹೊರದೇಶಕ್ಕೆ ಕರೆ ಮಾಡಿದಾನೆ. ಬಾಗಿಲು ತೆರೆದಿಟ್ಟವರು ನೀವೇ ಸಾರ್." ಎಂದು ರಿಪೇರಿಯವನು ಹನ್ನೊಂದು ಒತ್ತಿ ಸ್ಪೀಕರ್ ಹಾಕಿದ.

ದೊಡ್ಡ ಧಣಿ ಕೆಮ್ಮಿ ಮಾತಾಡಿದರು. "ನಾನು ಸೀಟಲ್ಲಿಲ್ಲ. ಏನಿದ್ರೂ ನಮ್ಮ ಆಪರೇಟರಮ್ಮನಿಗೆ ಹೇಳಿ. ಮಗನಿಗೆ ಹೇಳಿದ್ರೆ ಮರೀತಾನೆ. ಆಕೆಗೆ ಹೇಳಿದ್ರೆ ನನಗೆ ಹೇಳಿದ ಹಾಗೆ."

ಆರು ವರ್ಷದಲ್ಲಿ ಮಗ ಅದನ್ನು ಒಮ್ಮೆಯೂ ಕೇಳಿರಲಿಲ್ಲ ಎಂಬುದು ಅವನ ಮುಖ ನೋಡಿದರೇ ತಿಳಿಯುತ್ತಿತ್ತು. ಕ್ಷಮೆ ಕೇಳಿಯಾನೇನೋ ಎಂದು ಅವಳು, ಅವಳ ಕರ್ಮ, ಅರೆಗಳಿಗೆ ಕಾದಳು.

ಧಣಿ ರಿಪೇರಿಯವನತ್ತ ತಿರುಗಿದ. "ಆ ದರಿದ್ರವನ್ನ ಅಳಿಸಿಬಿಡಪ್ಪ. ಈಗಲೇ."

ಅವಳು ಖಾಲಿ ಹಾಳೆಯನ್ನು ಅವನ ಮುಂದೆ ಸರಿಸಿದಳು.

"ಸಂಜೆಗೆ ಇನ್ನೂ ಹೊತ್ತಿದೆ ಸಾರ್. ನೀವೇ ಬರೀರಿ."